ಕಾಸ್ಮೆಟಿಕ್ ಸರ್ಜರಿಗೆ ಮಂಗಳೂರೋ ಕಣ್ಣೂರೋ? ಅದಕ್ಕಿಂತ ಮೊದಲು ಹೋಲಿಸಬೇಕಾದದ್ದು

ಕಾಸರಗೋಡಿನವರಿಗೆ ಆಯ್ಕೆಗೇನೂ ಬರವಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರು ಕೈಯಳತೆಯಲ್ಲಿದೆ. ಹೊಸದುರ್ಗದಿಂದ (ಕಾಞಂಗಾಡಿನಿಂದ) ತೆಂಕಿನವರಿಗೆ ಕಣ್ಣೂರು ಸಲೀಸು. ಕೈಯಲ್ಲಿ ಸ್ವಲ್ಪ ಹೆಚ್ಚು ಕಾಸಿದ್ದರೆ ಕೊಚ್ಚಿ, ಬೆಂಗಳೂರು. ಎಲ್ಲಿಗೂ ಹೋಗುವುದು ಬೇಡವೆಂದರೆ ಪೇಟೆಯ ಸ್ಕಿನ್ ಕ್ಲಿನಿಕ್ಕಿಗೇ ಆಗಾಗ ‘ವಿಸಿಟಿಂಗ್ ಡಾಕ್ಟರ್’ ಬರುತ್ತಾರೆ. ಫೋನ್ ತೆರೆದರೆ ಒಂದು ರೀಲ್ ಮಲಯಾಳದಲ್ಲಿ, ಮುಂದಿನದು ಕನ್ನಡದಲ್ಲಿ. ಎರಡರಲ್ಲೂ ಅದೇ ಬೋಳುತಲೆ, ಅದೇ ಸೊಂಪಾದ ಕೂದಲು.

ವಿಚಾರಿಸುವವರೂ ಬಗೆಬಗೆಯವರು. ಗಲ್ಫ್‌ನಿಂದ ರಜೆಯಲ್ಲಿ ಬಂದು ಮದುವೆಗೆ ಮುಂಚೆ ಕೂದಲು ನೆಡಿಸಿಕೊಳ್ಳಬೇಕೆನ್ನುವ ಹುಡುಗ. ಎದೆ ಉಬ್ಬಿ ಬೆಳೆದದ್ದರಿಂದ ನಾಲ್ಕು ಜನರ ಎದುರು ಅಂಗಿ ಕಳಚಲು ನಾಚುವ ಕಾಲೇಜು ವಿದ್ಯಾರ್ಥಿ. ಎರಡು ಹೆರಿಗೆ ಕಳೆದ ಮೇಲೆ ಜೋತುಬಿದ್ದ ಹೊಟ್ಟೆಯನ್ನು ಸರಿಮಾಡಿಸಬೇಕೆನ್ನುವ ಅಕ್ಕ. ಇದನ್ನೆಲ್ಲ ಶೋಕಿ ಎಂದು ತಳ್ಳಿಹಾಕುವವಳು ನಾನಲ್ಲ. ಅವರವರ ಮೈ, ಅವರವರ ಮನಸ್ಸು. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ವರ್ಷಗಟ್ಟಲೆ ಫೈಲು ಜೋಡಿಸಿದವಳು ಎಂಬ ಕಾರಣಕ್ಕೆ ನೆಂಟರಿಷ್ಟರು ನನ್ನನ್ನು ಕೇಳುವುದುಂಟು: “ಯಾವ ಕ್ಲಿನಿಕ್ ಒಳ್ಳೇದು ಅಕ್ಕಾ?” ನನ್ನ ಉತ್ತರ ಅವರಿಗೆ ಅಷ್ಟು ರುಚಿಸುವುದಿಲ್ಲ. ಕ್ಲಿನಿಕ್ಕನ್ನು ಕ್ಲಿನಿಕ್ಕಿನ ಜೊತೆ ಹೋಲಿಸಬೇಡಿ. ಕತ್ತಿ ಹಿಡಿಯುವವರ ಹೆಸರು, ಆ ಹೆಸರಿಗಂಟಿದ ಪದವಿ, ಆಪರೇಷನ್ ನಡೆಯುವ ಕೋಣೆ, ಈ ಮೂರನ್ನು ಹೋಲಿಸಿ. ದರವೂ ಫೋಟೋವೂ ಆಮೇಲೆ.

ಪದವಿಗಳನ್ನು ಪಕ್ಕಪಕ್ಕ ಇಟ್ಟರೆ

ಎಂಬಿಬಿಎಸ್ ಐದೂವರೆ ವರ್ಷ. ಅದರ ಮೇಲೆ ಎಂಎಸ್ ಜನರಲ್ ಸರ್ಜರಿ ಮೂರು ವರ್ಷ. ಅದರ ಮೇಲೆ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ ಮತ್ತೆ ಮೂರು ವರ್ಷ. ಎಂಸಿಎಚ್ ಬದಲು ಪ್ಲಾಸ್ಟಿಕ್ ಸರ್ಜರಿಯಲ್ಲಿ ಡಿಎನ್‌ಬಿ, ಈಗ ಡಿಆರ್‌ಎನ್‌ಬಿ ಎಂದು ಕರೆಯುವುದು, ಇದ್ದರೂ ತೂಕ ಒಂದೇ. ಕೂಡಿಸಿ ನೋಡಿ. ಹದಿನೆಂಟಕ್ಕೆ ಸೀಟು ಸಿಕ್ಕಿ, ಒಂದು ಪ್ರವೇಶ ಪರೀಕ್ಷೆಯಲ್ಲೂ ಎಡವದೆ ಬಂದವರು ಕೂಡ ಪ್ಲಾಸ್ಟಿಕ್ ಸರ್ಜನ್ ಆಗುವಾಗ ಮೂವತ್ತರ ಆಸುಪಾಸು. ಹಾಗಿರುವಾಗ ಮೂವತ್ತೆರಡರ ಮುಖದ ಕೆಳಗೆ ‘15 ವರ್ಷಗಳ ಅನುಭವ’ ಎಂದು ಬರೆದಿದ್ದರೆ ಎಣಿಕೆ ಎಲ್ಲಿಂದ ಶುರುವಾಯಿತು ಎಂದು ಕೇಳಬೇಕಾಗುತ್ತದೆ.

‘ಪ್ಲಾಸ್ಟಿಕ್ ಸರ್ಜನ್’ ಎನ್ನುವುದರ ಹಿಂದೆ ಇಷ್ಟು ಓದು ಇರಬೇಕು. ‘ಕಾಸ್ಮೆಟಿಕ್ ಸರ್ಜನ್’, ‘ಈಸ್ಥೆಟಿಕ್ ಫಿಸಿಶಿಯನ್’, ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡುಗಳ ಹಿಂದೆ ಏನಿದೆ ಎಂಬುದನ್ನು ಬೋರ್ಡು ಹೇಳುವುದಿಲ್ಲ. ಎಂಸಿಎಚ್ ಮಾಡಿದವರೂ ಹಾಗೆ ಬರೆಸಿಕೊಳ್ಳುತ್ತಾರೆ, ಬಿಡಿಎಸ್ ಮುಗಿಸಿ ಕೆಲವು ವಾರಗಳ ಕೋರ್ಸು ಮಾಡಿದವರೂ ಬರೆಸಿಕೊಳ್ಳುತ್ತಾರೆ. ‘ಫೆಲೋಶಿಪ್’ ಎನ್ನುವುದೂ ಇದೇ ಜಾತಿ. ಎಂಸಿಎಚ್ ಆದ ಮೇಲೆ ಒಂದು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕೂತು ಮಾಡಿದ ಫೆಲೋಶಿಪ್ ಬೆಲೆಯುಳ್ಳದ್ದು. ಅದೇ ಪದ ಬರೀ ಎಂಬಿಬಿಎಸ್ ಮೇಲೆ ಕೂತಿದ್ದರೆ, ಅದು ಎಷ್ಟು ದಿನದ್ದು, ಎಷ್ಟು ಆಪರೇಷನ್ ತಾವೇ ಕೈಯಾರೆ ಮಾಡಿದ್ದು ಎಂದು ಕೇಳಿ. ಮೇಲಿನ ಪದವಿಗಿಂತ ಅದರ ಅಡಿಯಲ್ಲಿರುವ ಪದವಿ ಮುಖ್ಯ.

ಹಾಗೆಂದು ಎಲ್ಲದಕ್ಕೂ ಪ್ಲಾಸ್ಟಿಕ್ ಸರ್ಜನ್ನೇ ಆಗಬೇಕೆಂದಿಲ್ಲ. ಯಾವ ಕೆಲಸ ಎಂಬುದರ ಮೇಲೆ ಹೋಲಿಕೆ ಬದಲಾಗುತ್ತದೆ.

ಕೂದಲು ನೆಡುವುದಕ್ಕೆ ಎಂಡಿ ಮಾಡಿದ ಚರ್ಮವೈದ್ಯರೂ ಪ್ಲಾಸ್ಟಿಕ್ ಸರ್ಜನ್ನರೂ ಸಮಾನ ಆಯ್ಕೆಗಳು. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಸೆಪ್ಟೆಂಬರಿನಲ್ಲಿ ಕೂದಲು ಕಸಿಗೆಂದೇ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರದಲ್ಲಿ ನಿಂತು ನೋಡಿದ್ದು, ಯೂಟ್ಯೂಬಿನಲ್ಲಿ ನೋಡಿದ್ದು ತರಬೇತಿ ಅನ್ನಿಸಿಕೊಳ್ಳುವುದಿಲ್ಲ ಎಂದು ಅದರಲ್ಲಿ ಬಿಡಿಸಿ ಬರೆದಿದ್ದಾರೆ. ಹಾಗೆ ಬರೆಯಬೇಕಾಗಿ ಬಂತು ಎಂಬುದರಿಂದಲೇ ಪರಿಸ್ಥಿತಿ ಹೇಗಿತ್ತೆಂದು ಊಹಿಸಿಕೊಳ್ಳಬಹುದು.

ಮೂಗಿಗೆ ಎಂಎಸ್ ಇಎನ್‌ಟಿ ಮಾಡಿದವರೂ ಸರಿಯೇ. ಉಸಿರಾಟದ ತೊಂದರೆಯೂ ಜೊತೆಗಿದ್ದರೆ ನಾನು ಮೊದಲು ಅವರನ್ನೇ ನೋಡಿ ಎನ್ನುತ್ತೇನೆ. ದವಡೆ, ಗಲ್ಲದ ಎಲುಬಿನ ಕೆಲಸದಲ್ಲಿ ಎಂಡಿಎಸ್ ಮಾಡಿದ ಮ್ಯಾಕ್ಸಿಲೋಫೇಶಿಯಲ್ ಸರ್ಜನ್ನರು ಪಳಗಿದವರು. ಮುಖದ ಸೌಂದರ್ಯ ಚಿಕಿತ್ಸೆ, ಕೂದಲು ಕಸಿಗೂ ಅವರು ಅರ್ಹರು ಎಂದು ದಂತವೈದ್ಯಕೀಯ ಕೌನ್ಸಿಲ್ ಹೇಳಿದೆ. ಚರ್ಮವೈದ್ಯರು ಒಪ್ಪುವುದಿಲ್ಲ. ಆ ಜಗಳದಲ್ಲಿ ನೀವು ತೀರ್ಪು ಕೊಡಬೇಕಾಗಿಲ್ಲ. ಆ ವೈದ್ಯರು ನಿಮ್ಮಂಥ ಕೇಸು ಎಷ್ಟು ಮಾಡಿದ್ದಾರೆಂದು ಕೇಳಿದರೆ ಸಾಕು.

ಕೊಬ್ಬು ತೆಗೆಯುವ ಲೈಪೊಸಕ್ಷನ್, ಹೊಟ್ಟೆಯ ಚರ್ಮ ಬಿಗಿಮಾಡುವ ಟಮ್ಮಿ ಟಕ್, ಸ್ತನದ ಶಸ್ತ್ರಚಿಕಿತ್ಸೆ, ಗಂಡಸರ ಎದೆ ಉಬ್ಬುವ ಗೈನಕೊಮಾಸ್ಟಿಯಾ, ಇವುಗಳಲ್ಲಿ ಮಾತ್ರ ನನಗೆ ಎರಡು ಮಾತಿಲ್ಲ. ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಇಲ್ಲದಿದ್ದರೆ ಮುಂದಿನ ಬಾಗಿಲು ನೋಡಿ.

ರಿಜಿಸ್ಟರಿನಲ್ಲಿ ಹುಡುಕುವುದು

ಪ್ರತಿ ವೈದ್ಯರಿಗೂ ಒಂದು ನೋಂದಣಿ ಸಂಖ್ಯೆ ಇದೆ. ಅದನ್ನು ಕ್ಲಿನಿಕ್ಕಿನಲ್ಲಿ ತೂಗುಹಾಕಬೇಕು. ಚೀಟಿ, ಸರ್ಟಿಫಿಕೇಟು, ರಸೀದಿಯಲ್ಲೆಲ್ಲ ಕಾಣಿಸಬೇಕು. 2002ರ ವೈದ್ಯರ ವೃತ್ತಿ ನಡವಳಿಕೆ ನಿಯಮಾವಳಿ ಹಾಗೆನ್ನುತ್ತದೆ. 2023ರ ಆಗಸ್ಟಿನಲ್ಲಿ ಇದರ ಜಾಗಕ್ಕೆ ಹೊಸ ನಿಯಮಾವಳಿ ಬಂತು, ಅದೇ ತಿಂಗಳೊಳಗೆ ಅದನ್ನು ತಡೆಹಿಡಿದರು. ಹಾಗಾಗಿ ಹಳೆಯದೇ ನಡೆಯುತ್ತಿದೆ.

ಆ ಸಂಖ್ಯೆ ಹಿಡಿದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದ ಇಂಡಿಯನ್ ಮೆಡಿಕಲ್ ರಿಜಿಸ್ಟರಿನಲ್ಲಿ ಹುಡುಕಿ. ಬರೀ ಹೆಸರು ಹಾಕಿ ಹುಡುಕಿದರೆ ಒಂದೇ ಹೆಸರಿನವರು ಸಾಲಾಗಿ ಬರುತ್ತಾರೆ; ನಮ್ಮ ಕಡೆಯ ಮೊಹಮ್ಮದ್, ಶೆಟ್ಟಿ, ಭಟ್ಟರನ್ನು ಹಾಗೆ ಹುಡುಕಿ ಪ್ರಯೋಜನವಿಲ್ಲ. ಸಂಖ್ಯೆಯ ಜೊತೆ ಪದವಿ ಕೊಟ್ಟ ವಿಶ್ವವಿದ್ಯಾಲಯ, ವರ್ಷ ಇವುಗಳನ್ನು ತಾಳೆ ನೋಡಬೇಕು. ಎಂಬಿಬಿಎಸ್ ಮಾತ್ರ ಕಂಡು ಎಂಸಿಎಚ್ ಕಾಣದಿದ್ದರೆ ಕೂಡಲೇ ಸುಳ್ಳು ಎಂದು ಹೇಳಲಾಗದು. ಹೆಚ್ಚುವರಿ ಪದವಿಯನ್ನು ಬೇರೆಯಾಗಿ ದಾಖಲಿಸಬೇಕು, ಕೇಂದ್ರದ ಪಟ್ಟಿಗೆ ಅದು ತಡವಾಗಿ ಬರುವುದುಂಟು. ಆಗ ರಾಜ್ಯ ಕೌನ್ಸಿಲಿನ ಪಟ್ಟಿ ನೋಡಿ, ಅಲ್ಲೂ ಇಲ್ಲದಿದ್ದರೆ ವೈದ್ಯರನ್ನೇ ಕೇಳಿ: “ನಿಮ್ಮ ಎಂಸಿಎಚ್ ನೋಂದಣಿ ಸರ್ಟಿಫಿಕೇಟ್ ಒಮ್ಮೆ ನೋಡಬಹುದಾ ಡಾಕ್ಟ್ರೇ?” ಇದ್ದವರು ಗೋಡೆಯ ಕಡೆ ಬೆರಳು ತೋರಿಸುತ್ತಾರೆ. ಇಲ್ಲದವರು ಸಿಟ್ಟಾಗುತ್ತಾರೆ.

ಗಡಿಯವರಿಗೆ ಇಲ್ಲಿ ಎರಡು ತೊಡಕು. ಮಂಗಳೂರಿನ ಚೀಟಿಯಲ್ಲಿ ಹೆಸರಿನ ಕೆಳಗೆ ‘ಕೆಎಂಸಿ ನಂಬರ್’ ಎಂದಿರುವುದು ಕರ್ನಾಟಕ ಮೆಡಿಕಲ್ ಕೌನ್ಸಿಲ್. ಅದನ್ನು ನೋಡಿ “ಕೆಎಂಸಿ ಆಸ್ಪತ್ರೆಯ ಡಾಕ್ಟ್ರು” ಎಂದು ತಿಳಿದವರು ನಮ್ಮೂರಲ್ಲಿ ಎಷ್ಟೋ ಮಂದಿ. ಕೇರಳದ ಹಿರಿಯ ವೈದ್ಯರ ಚೀಟಿಯಲ್ಲಿ ‘ಟಿಸಿಎಂಸಿ’ ಎಂದಿರುತ್ತದೆ. ಅದು ಹಿಂದಿನ ತಿರುವಾಂಕೂರು ಕೊಚ್ಚಿ ಮೆಡಿಕಲ್ ಕೌನ್ಸಿಲ್, 2021ರ ಕಾಯಿದೆಯ ನಂತರದ ಕೇರಳ ರಾಜ್ಯ ಕೌನ್ಸಿಲ್. ಎರಡನೆಯ ತೊಡಕು ಗಡಿ ದಾಟಿ ಬರುವ ವೈದ್ಯರದ್ದು. ಕರ್ನಾಟಕದಲ್ಲಿ ನೋಂದಣಿಯಿರುವವರು ಕಾಸರಗೋಡಿನಲ್ಲಿ ಕೂತು ಚಿಕಿತ್ಸೆ ಕೊಡಬೇಕಾದರೆ ಕೇರಳ ಕೌನ್ಸಿಲಿನಲ್ಲೂ ಹೆಸರು ದಾಖಲಿಸಿರಬೇಕು. ವಿಸಿಟಿಂಗ್ ಡಾಕ್ಟರ ಬಳಿ ಹೋದಾಗ ಇದನ್ನು ಕೇಳುವವರನ್ನು ನಾನು ಕಂಡಿಲ್ಲ. ಕೇಳಬೇಕು.

ಸಂಘಗಳ ಸದಸ್ಯತ್ವವೂ ಒಂದು ಮಟ್ಟಿಗೆ ಉಪಯೋಗದ್ದು. ಭಾರತೀಯ ಪ್ಲಾಸ್ಟಿಕ್ ಸರ್ಜನ್ನರ ಸಂಘ 1957ರಷ್ಟು ಹಳೆಯದು. ಚರ್ಮವೈದ್ಯರಿಗೆ ಐಎಡಿವಿಎಲ್ ಇದೆ. ಆದರೆ ದುಡ್ಡು ಕಟ್ಟಿದರೆ ಪ್ರಮಾಣಪತ್ರ ಕಳಿಸುವ ‘ಇಂಟರ್‌ನ್ಯಾಷನಲ್ ಅಕಾಡೆಮಿ’ಗಳೂ ಇವೆ. ‘ಬೋರ್ಡ್ ಸರ್ಟಿಫೈಡ್’ ಎಂಬ ಅಮೆರಿಕದ ಮಾತನ್ನು ಇಲ್ಲಿ ಬಳಸಿದ್ದರೆ ಯಾವ ಬೋರ್ಡು ಎಂದು ಕೇಳಿ. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಪದವಿ ಮತ್ತು ನೋಂದಣಿ.

ಐದು ಬಾಗಿಲು

ಈಗ ಜಾಗದ ಮಾತು. ನನ್ನ ಮಟ್ಟಿಗೆ ಪದವಿಗಿಂತಲೂ ಇದೇ ದೊಡ್ಡದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವ ನಟಿ ತೀರಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಕಾಸ್ಮೆಟಿಕ್ ಕ್ಲಿನಿಕ್ಕೊಂದಕ್ಕೆ ಸಣ್ಣ ಶಸ್ತ್ರಚಿಕಿತ್ಸೆಗೆಂದು ಹೋದ ಉಳ್ಳಾಲದ ಕಡೆಯ ಯುವಕ ಮನೆಗೆ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ತಿರುವನಂತಪುರದ ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಕೊಬ್ಬು ತೆಗೆಸಿಕೊಂಡ ಸಾಫ್ಟ್‌ವೇರ್ ಉದ್ಯೋಗಿ ಒಂಬತ್ತು ಬೆರಳು ಕಳೆದುಕೊಂಡರು. ಮೂರು ಊರು, ಮೂರು ಬೇರೆ ಕಥೆ. ಯಾರದು ತಪ್ಪು ಎಂದು ನಿರ್ಣಯಿಸುವುದು ನನ್ನ ಕೆಲಸವಲ್ಲ. ಆದರೆ ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ಏಳುವ ಪ್ರಶ್ನೆ, ಏನಾದರೂ ಕೈಮೀರಿದಾಗ ಆ ಕಟ್ಟಡದೊಳಗೆ ಏನಿತ್ತು, ಯಾರಿದ್ದರು ಎಂಬುದು.

ಮೊದಲನೆಯ ಬಾಗಿಲು ಮೆಡಿಕಲ್ ಕಾಲೇಜು ಆಸ್ಪತ್ರೆ. ಮಂಗಳೂರು, ದೇರಳಕಟ್ಟೆ ಸುತ್ತಮುತ್ತ ಇವು ಸಾಕಷ್ಟಿವೆ. ಹೊಸದುರ್ಗ, ನೀಲೇಶ್ವರದವರಿಗೆ ಪರಿಯಾರ. ಅರಿವಳಿಕೆ ವೈದ್ಯರು, ಐಸಿಯು, ರಕ್ತನಿಧಿ ಒಂದೇ ಆವರಣದಲ್ಲಿ. ಜಾಹೀರಾತು ಕಡಿಮೆ, ದರವೂ ಕಡಿಮೆ. ಸುಟ್ಟಗಾಯ, ಅಪಘಾತದ ರೋಗಿಗಳಿಗೆ ಮೊದಲ ಆದ್ಯತೆ ಇರುವುದರಿಂದ ನಿಮ್ಮ ಸರದಿ ಮುಂದಕ್ಕೆ ಹೋಗಬಹುದು, ಹೋಗಲಿ. ಕೇಳಬೇಕಾದ್ದು ಒಂದೇ: ಆಪರೇಷನ್ ಮಾಡುವುದು ಪ್ರೊಫೆಸರೋ, ಅವರ ಕೈಕೆಳಗಿನ ರೆಸಿಡೆಂಟೋ?

ಎರಡನೆಯದು ಖಾಸಗಿ ದೊಡ್ಡ ಆಸ್ಪತ್ರೆ. ಸೌಕರ್ಯ ಅದೇ, ಕಾಯುವುದು ಕಡಿಮೆ, ಬಿಲ್ಲು ಜಾಸ್ತಿ. ಪೂರ್ತಿ ಅರಿವಳಿಕೆ ಬೇಕಾಗುವ ಆಪರೇಷನ್ನಾದರೆ, ಹೆಚ್ಚಿಗೆ ಹಣ ಕೊಡಲು ಸಾಧ್ಯವಿದ್ದರೆ, ನಾನು ಇಲ್ಲಿಗೇ ಕಳಿಸುವುದು.

ಮೂರನೆಯದು ಪ್ಲಾಸ್ಟಿಕ್ ಸರ್ಜನ್ ಸ್ವಂತ ನಡೆಸುವ ಸೆಂಟರು. ಇಲ್ಲಿ ಚೆನ್ನಾಗಿರುವುದು ತುಂಬ ಚೆನ್ನಾಗಿರುತ್ತದೆ. ಮೊದಲು ನೋಡಿದವರೇ ಆಪರೇಷನ್ ಮಾಡುತ್ತಾರೆ, ಹೊಲಿಗೆ ಬಿಚ್ಚುವುದೂ ಅವರೇ. ಹೆಸರು ಕೆಟ್ಟರೆ ಕೆಡುವುದು ಅವರದ್ದೇ. ಅರಿವಳಿಕೆ ಕೊಡುವವರ ಹೆಸರೇನು, ಅವರು ಎಂಡಿ ಮಾಡಿದವರೋ, ಆಪರೇಷನ್ ಮುಗಿಯುವವರೆಗೆ ಕೋಣೆಯಲ್ಲೇ ಇರುತ್ತಾರೋ, ಆಮ್ಲಜನಕ, ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇದೆಯೋ, ಹೆಚ್ಚುಕಡಿಮೆಯಾದರೆ ಯಾವ ಆಸ್ಪತ್ರೆಗೆ ಸಾಗಿಸುತ್ತೀರಿ ಎಂದು ಕೇಳಿ. ಹತ್ತಿರದ ಆಸ್ಪತ್ರೆಯ ಹೆಸರು ತಡವರಿಸದೆ ಬಂತೆಂದರೆ ಒಳ್ಳೆಯ ಲಕ್ಷಣ.

ನಾಲ್ಕನೆಯದು ಊರೂರಲ್ಲಿ ಶಾಖೆಯಿರುವ ಕ್ಲಿನಿಕ್ ಸರಣಿ. ಇಲ್ಲಿ ನೀವು ಮೊದಲು ಕಾಣುವುದು ವೈದ್ಯರನ್ನಲ್ಲ, ‘ಕೌನ್ಸೆಲರ್’ ಎಂಬ ಹೆಸರಿನ ಮಾರಾಟದವರನ್ನು. ಅವರು ನಿಮ್ಮ ತಲೆ ನೋಡಿ ಗ್ರಾಫ್ಟ್, ಅಂದರೆ ನೆಡುವ ಬೇರುಗಳ, ಲೆಕ್ಕ ಹಾಕುತ್ತಾರೆ, ಕಂತಿನ ಲೆಕ್ಕ ಹಾಕುತ್ತಾರೆ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಇಷ್ಟು ಕಡಿಮೆ ಎನ್ನುತ್ತಾರೆ. ವೈದ್ಯರ ಮುಖ ಕಾಣುವುದು ಆಪರೇಷನ್ ದಿನ, ಕೆಲವು ಕಡೆ ಅದೂ ಗೀಟು ಎಳೆಯುವ ಹತ್ತು ನಿಮಿಷ. ಮಿಕ್ಕದ್ದು ಟೆಕ್ನಿಷಿಯನ್ನರ ಕೈಯಲ್ಲಿ. ಸಹಾಯಕ್ಕೆ ಟೆಕ್ನಿಷಿಯನ್ ಇರುವುದು ತಪ್ಪೇನಲ್ಲ, ನೂರಾರು ಬೇರುಗಳನ್ನು ಒಬ್ಬರೇ ನೆಡುವುದು ಕಷ್ಟ. ಆದರೆ ಇಂಜೆಕ್ಷನ್ ಕೊಡುವುದು, ಸೀಳು ಹಾಕುವುದು ಯಾರು? ವೈದ್ಯರು ಪೂರ್ತಿ ಹೊತ್ತು ಅಲ್ಲೇ ಇರುತ್ತಾರಾ? ವೈದ್ಯರ ಹೆಸರನ್ನು ಮುಂಗಡ ಕೊಡುವ ಮೊದಲೇ ರಸೀದಿಯಲ್ಲಿ ಬರೆಸಿಕೊಳ್ಳಿ. “ನಮ್ಮಲ್ಲಿ ಎಕ್ಸ್‌ಪರ್ಟ್ ಟೀಮ್ ಉಂಟು” ಎನ್ನುವ ಉತ್ತರವನ್ನು ರಿಜಿಸ್ಟರಿನಲ್ಲಿ ಹುಡುಕಲಾಗುವುದಿಲ್ಲ.

ಐದನೆಯದು ನಮ್ಮ ಪೇಟೆಗೆ ಬಂದು ಹೋಗುವ ವೈದ್ಯರು. ಸಲಹೆ ಕೇಳುವುದಕ್ಕೆ ಅಡ್ಡಿಯಿಲ್ಲ. ಚಾಕು ಹಿಡಿಯುವ ಕೆಲಸಕ್ಕೆ ಬೇಡ. ರಕ್ತಸ್ರಾವ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮೊದಲ 24 ಗಂಟೆಯಲ್ಲಿ. ಆ ಹೊತ್ತಿಗೆ ವೈದ್ಯರು ಸಂಜೆಯ ರೈಲು ಹತ್ತಿ ಕೋಯಿಕ್ಕೋಡ್ ದಾಟಿರುತ್ತಾರೆ. ಕ್ಲಿನಿಕ್ಕಿನವರು ಬಾಗಿಲು ಹಾಕಿ ಮನೆಗೆ ಹೋಗಿರುತ್ತಾರೆ. ಬ್ಯೂಟಿ ಪಾರ್ಲರಿನಲ್ಲಿ ಕೆನ್ನೆ, ತುಟಿ ತುಂಬಿಸುವ ಫಿಲ್ಲರ್ ಚುಚ್ಚುವವರ ಬಗ್ಗೆ ಹೋಲಿಕೆಯೇ ಬೇಕಿಲ್ಲ. ಫಿಲ್ಲರ್ ರಕ್ತನಾಳದೊಳಗೆ ಸೇರಿದರೆ ಚರ್ಮ ಸಾಯುತ್ತದೆ, ಕಣ್ಣೂ ಹೋಗಬಹುದು.

ಲೈಪೊಸಕ್ಷನ್ ವಿಚಾರಿಸುವವರು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ಎಷ್ಟು ಲೀಟರ್ ತೆಗೆಯುತ್ತೀರಿ? ಐದು ಲೀಟರ್ ದಾಟಿದರೆ ಅದು ದೊಡ್ಡ ಪ್ರಮಾಣದ್ದು ಎಂದು ಶಸ್ತ್ರವೈದ್ಯರು ಎಣಿಸುತ್ತಾರೆ, ಬೆಳಿಗ್ಗೆ ಬಂದು ಸಂಜೆ ಹೋಗುವ ಲೆಕ್ಕದಲ್ಲಿ ಅದನ್ನು ಮಾಡುವುದಿಲ್ಲ. ‘ಒಂದೇ ದಿನದಲ್ಲಿ ಹತ್ತು ಕಿಲೋ ಇಳಿಸಿ’ ಎಂಬ ಪೋಸ್ಟರಿಗೆ ಉತ್ತರ ಇಲ್ಲೇ ಇದೆ. ಅದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ, ಆಕಾರ ತಿದ್ದುವುದು ಅಷ್ಟೆ.

ಮಂಗಳೂರಿನಲ್ಲಿ ಮಾಡಿಸಿಕೊಂಡವರು ಮೊದಲ ಒಂದೆರಡು ರಾತ್ರಿ ಅಲ್ಲೇ ಉಳಿಯುವುದು ಮೇಲು. ಬದಿಯಡ್ಕ, ಮುಳ್ಳೇರಿಯದ ಒಳರಸ್ತೆಯಿಂದ ನಡುರಾತ್ರಿ ವಾಹನ ಮಾಡಿಕೊಂಡು ಹೊರಡುವುದು ಹೇಳಿದಷ್ಟು ಸುಲಭವಲ್ಲ. 2020ರಲ್ಲಿ ಕೋವಿಡ್ ಹೊತ್ತಿಗೆ ಗಡಿಯ ತಲಪಾಡಿಯ ದಾರಿ ಮುಚ್ಚಿ ಆಂಬುಲೆನ್ಸುಗಳು ಹಿಂದೆ ತಿರುಗಿದ್ದನ್ನು ನಮ್ಮವರು ಮರೆತಿಲ್ಲ. ಅಂಥದ್ದು ದಿನಾ ಆಗುವುದಿಲ್ಲ, ನಿಜ. ಹೊಲಿಗೆಯ ಬಳಿ ಕೆಂಪಾಗಿದೆ ಎಂದು ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕಾಯುವುದು ಮಾತ್ರ ದಿನಾ ಆಗುತ್ತದೆ.

ಜಾಹೀರಾತನ್ನು ಓದುವ ಬಗೆ

2002ರ ನಿಯಮಾವಳಿಯ ಪ್ರಕಾರ ವೈದ್ಯರು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ರೋಗಿಗಳನ್ನು ಕರೆಯುವಂತಿಲ್ಲ. ಹೊಸದಾಗಿ ಕ್ಲಿನಿಕ್ ತೆರೆದಾಗ, ವಿಳಾಸ ಬದಲಾದಾಗ, ರಜೆ ಹೋಗಿ ಮರಳಿದಾಗ, ಶುಲ್ಕ ತಿಳಿಸಬೇಕಾದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬಹುದು. ಕ್ಲಿನಿಕ್ಕಿನ ಬೋರ್ಡಿನಲ್ಲಿ ತಮ್ಮ ಫೋಟೋ ಹಾಕಿಸಿಕೊಳ್ಳುವುದೂ ಸ್ವಪ್ರಚಾರವೇ. ವಿಶೇಷ ಪದವಿಯಿಲ್ಲದೆ ತಜ್ಞರೆಂದು ಹೇಳಿಕೊಳ್ಳುವಂತಿಲ್ಲ, ರೋಗಿಗಳನ್ನು ಹಿಡಿದು ತರಲು ದಲ್ಲಾಳಿಗಳನ್ನು ಇಟ್ಟುಕೊಳ್ಳುವಂತಿಲ್ಲ, ಕಳಿಸಿಕೊಟ್ಟವರಿಗೆ ಕಮಿಷನ್ ಕೊಡುವಂತಿಲ್ಲ. ಇಷ್ಟು ಓದಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಮ್ಮೆ ಹೋಗಿ ಬನ್ನಿ. ನಗು ಬರುತ್ತದೆ.

ಸಂದು ಎಲ್ಲಿದೆಯೆಂದರೆ, ನಿಯಮಾವಳಿ ಹಿಡಿಯುವುದು ನೋಂದಾಯಿತ ವೈದ್ಯರನ್ನು. ಜಾಹೀರಾತು ಕೊಡುವುದು ಕಂಪನಿಯ ಹೆಸರಲ್ಲಿ. ಹಾಗಾಗಿ ಕಂಪನಿಯ ದೊಡ್ಡ ಲೋಗೋ ಇದ್ದು ವೈದ್ಯರ ಹೆಸರೇ ಇಲ್ಲದ ಜಾಹೀರಾತು ನನಗೆ ಹೆಚ್ಚು ಅನುಮಾನ ತರುತ್ತದೆ. ಕಂಪನಿಗಳಿಗೆ ಬೇರೆ ಕಡಿವಾಣವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನಿನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ತಂದಿತು. ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ನಮಗೆ ಉಪಯೋಗದ ಅಂಶ ಇನ್ನೊಂದಿದೆ: ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತುಗಳೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಆಸೆ ಹುಟ್ಟಿಸಿ ಇಂಗ್ಲಿಷಿನಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ‘ಷರತ್ತು ಅನ್ವಯ’ ಎನ್ನುವಂತಿಲ್ಲ. ರೀಲ್ ಮಾಡುವ ತಾರೆಯರು ದುಡ್ಡೋ ಪುಕ್ಕಟೆ ಚಿಕಿತ್ಸೆಯೋ ಪಡೆದಿದ್ದರೆ ಅದನ್ನು ಹೇಳಬೇಕೆಂದು 2023ರಲ್ಲಿ ಬೇರೆ ಸೂಚನೆಯಾಯಿತು.

ಪದಗಳನ್ನು ಒಂದೊಂದಾಗಿ ಕುಟ್ಟಿ ನೋಡಿ. ‘ಯುಎಸ್ ಎಫ್‌ಡಿಎ ಅನುಮೋದಿತ’ ಎನ್ನುವುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಿಂದ ಯಂತ್ರಕ್ಕೋ ಮದ್ದಿಗೋ ಸಿಗುವ ಮನ್ನಣೆ. ವೈದ್ಯರಿಗೂ ಕ್ಲಿನಿಕ್ಕಿಗೂ ಸಂಬಂಧವಿಲ್ಲ. ‘ಕಲೆಯೇ ಇಲ್ಲ’ ಎನ್ನುವ, ಕೂದಲ ಬೇರುಗಳನ್ನು ಒಂದೊಂದಾಗಿ ಕೀಳುವ ಎಫ್‌ಯುಇ ವಿಧಾನದಲ್ಲಿ ಉದ್ದ ಗೀರಿನ ಬದಲು ಚುಕ್ಕಿ ಚುಕ್ಕಿ ಕಲೆ ಉಳಿಯುತ್ತದೆ. ‘ಅನ್‌ಲಿಮಿಟೆಡ್ ಗ್ರಾಫ್ಟ್’ ಸಾಧ್ಯವೇ ಇಲ್ಲ, ಹಿಂದಲೆಯಲ್ಲಿ ಕೀಳಬಹುದಾದ ಬೇರುಗಳಿಗೆ ಮಿತಿಯಿದೆ, ಒಮ್ಮೆ ಖಾಲಿಯಾದರೆ ಮುಗಿಯಿತು. ‘ಅತ್ಯುತ್ತಮ ಕ್ಲಿನಿಕ್ ಪ್ರಶಸ್ತಿ’ಯ ಬಗ್ಗೆ ಮಾತು ವ್ಯರ್ಥ.

ಮೊದಲು ಮತ್ತು ನಂತರದ ಫೋಟೋಗಳಲ್ಲಿ ಬೆಳಕು ನೋಡಿ, ಗಲ್ಲ ಎಷ್ಟು ಎತ್ತಿದ್ದಾರೆ ನೋಡಿ. ಮೊದಲಿನದರಲ್ಲಿ ಕೂದಲು ಒದ್ದೆ, ತಲೆಯ ಮೇಲೆ ನೇರ ದೀಪ. ನಂತರದ್ದರಲ್ಲಿ ಒಣಗಿಸಿ ಬಾಚಿ ಪಕ್ಕದ ಬೆಳಕು. ಎಷ್ಟು ತಿಂಗಳ ನಂತರದ್ದು ಎಂದು ಬರೆದಿರದ ಫೋಟೋಗೆ ಬೆಲೆಯಿಲ್ಲ. ಅನುಮಾನ ಬಂದರೆ ಗೂಗಲ್ ಲೆನ್ಸಿಗೆ ಹಾಕಿ. ಅದೇ ತಲೆ ಬೇರೆ ದೇಶದ ಕ್ಲಿನಿಕ್ಕಿನಲ್ಲೂ ಕಾಣಬಹುದು. ವೈದ್ಯರನ್ನು ಭೇಟಿಯಾದಾಗ ಒಳ್ಳೆಯ ಫೋಟೋ ಕೇಳಬೇಡಿ, ಸಾಧಾರಣ ಫಲ ಬಂದದ್ದನ್ನು ತೋರಿಸಿ ಎನ್ನಿ. ಯಾರದೋ ಎರಡನೇ ಸಲ ಸರಿಮಾಡಬೇಕಾಗಿ ಬಂದ ಕೇಸನ್ನು ಮುಚ್ಚುಮರೆಯಿಲ್ಲದೆ ವಿವರಿಸುವವರು ನನ್ನ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತಾರೆ.

ರಜೆಯ ಹುಡುಗರಿಗೆ ಒಂದು ಸುಲಭ ಪರೀಕ್ಷೆ ಇದೆ. ನೆಟ್ಟ ಕೂದಲು ಮೊದಲ ಒಂದೆರಡು ತಿಂಗಳಲ್ಲಿ ಉದುರುತ್ತದೆ, ಬೇರು ಉಳಿದು ಮತ್ತೆ ಚಿಗುರುತ್ತದೆ, ಫಲ ಪೂರ್ತಿ ಕಾಣಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಮೂಗಿನ ಬಾವು ಪೂರ್ತಿ ಇಳಿಯಲು ವರ್ಷ ಹಿಡಿಯಬಹುದು. ಎರಡು ಕಡೆ ಹೋಗಿ “ಮುಂದಿನ ತಿಂಗಳು ಮದುವೆ” ಎಂದು ಹೇಳಿ ನೋಡಿ. ಒಬ್ಬರು “ಈಗ ಬೇಡ, ಮದುವೆ ಕಳೆದು ಬಾ” ಎನ್ನುತ್ತಾರೆ. ಇನ್ನೊಬ್ಬರು “ನಾಳೆಯೇ ಮಾಡುವ” ಎನ್ನುತ್ತಾರೆ. ಆಯ್ಕೆ ಅಲ್ಲಿಗೆ ಮುಗಿಯಿತು.

ಬಿಲ್ಲು, ಸಹಿ, ದೂರು

ಸೌಂದರ್ಯಕ್ಕಾಗಿ ಮಾಡುವ ಪ್ಲಾಸ್ಟಿಕ್ ಸರ್ಜರಿಗೂ ಕೂದಲು ಕಸಿಗೂ 18 ಶೇಕಡಾ ಜಿಎಸ್‌ಟಿ ಇದೆ. ಅಪಘಾತ, ಗಾಯ, ಹುಟ್ಟಿನಿಂದ ಬಂದ ದೋಷ ಸರಿಪಡಿಸುವುದಾದರೆ ಇಲ್ಲ. ಎರಡು ಕಡೆಯ ದರ ಹೋಲಿಸುವಾಗ ತೆರಿಗೆ ಸೇರಿದೆಯೋ, ಅರಿವಳಿಕೆ, ಕೋಣೆ, ಬಿಗಿಪಟ್ಟಿ, ನಂತರದ ಭೇಟಿಗಳು ಸೇರಿವೆಯೋ ಬರೆಸಿಕೊಳ್ಳದಿದ್ದರೆ ಕಡಿಮೆ ದರದ್ದೇ ಕೊನೆಗೆ ದುಬಾರಿಯಾಗುತ್ತದೆ. “ಬಿಲ್ಲು ಬೇಡವಾದರೆ ಕಡಿಮೆ ಮಾಡಿಕೊಡುವ” ಎಂದರೆ ಎದ್ದು ಬನ್ನಿ. ಬಿಲ್ಲಿಲ್ಲದವರಿಗೆ ಮುಂದೆ ದೂರಿಗೆ ಆಧಾರವೂ ಇಲ್ಲ. ಆರೋಗ್ಯ ವಿಮೆಯಲ್ಲಿ ಬರೀ ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಹಣ ಸಿಗುವುದಿಲ್ಲ.

ಸಂಸ್ಥೆಯ ಪರವಾನಗಿ ಬೇರೆ, ವೈದ್ಯರ ನೋಂದಣಿ ಬೇರೆ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯಿದೆಯ ನೋಂದಣಿ, ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆಯ ನೋಂದಣಿ ಇರಬೇಕು. ಪ್ರಮಾಣಪತ್ರ ಕಾಣುವ ಹಾಗೆ ತೂಗುಹಾಕಿರುತ್ತಾರೆ, ಓದಿ. ಡೇ ಕೇರ್ ಶಸ್ತ್ರಚಿಕಿತ್ಸೆಗೆ ಪರವಾನಗಿ ಇದೆಯೋ, ಬರೀ ಕನ್ಸಲ್ಟೇಶನ್ನಿಗೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಒಪ್ಪಿಗೆ ಪತ್ರದ ವಿಷಯದಲ್ಲಿ ನಾನು ಹಟಮಾರಿ. ಕಣ್ಣೂರಿನಲ್ಲಿ ಮಲಯಾಳದ ಹಾಳೆ, ಮಂಗಳೂರಿನಲ್ಲಿ ಇಂಗ್ಲಿಷಿನದು. ನಮ್ಮ ಹಳ್ಳಿಗಳಲ್ಲಿ ಮಲಯಾಳ ಮಾತಾಡಿ ಗೊತ್ತು, ಓದಿ ಗೊತ್ತಿಲ್ಲ ಎನ್ನುವವರೇ ಬಹಳ. ಆಪರೇಷನ್ ದಿನ ಬೆಳಿಗ್ಗೆ, ಗೌನು ತೊಟ್ಟ ಮೇಲೆ ಕೈಗೆ ಕೊಡುವ ಹಾಳೆಗೆ ಸಹಿ ಹಾಕಬೇಡಿ. ಒಂದು ದಿನ ಮೊದಲೇ ಕೇಳಿ ತಂದು, ಓದಬಲ್ಲವರಿಂದ ಓದಿಸಿ. ಅದರಲ್ಲಿ ವೈದ್ಯರ ಹೆಸರು, ಆಪರೇಷನ್ನಿನ ಹೆಸರು, ಅರಿವಳಿಕೆಯ ಬಗೆ, ಆಗಬಹುದಾದ ತೊಂದರೆಗಳು ಇರಬೇಕು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ಒಂದಕ್ಕೆ ಕೊಟ್ಟ ಒಪ್ಪಿಗೆ, ಜೀವ ಉಳಿಸಲು ಬೇಕಾದ ತುರ್ತಿನ ಹೊರತು, ಇನ್ನೊಂದಕ್ಕೆ ಸಲ್ಲುವುದಿಲ್ಲ. ಹೊಟ್ಟೆಗೆಂದು ಸಹಿ ಹಾಕಿಸಿಕೊಂಡು ತೊಡೆಗೂ ಕೈಹಾಕುವಂತಿಲ್ಲ.

ಕೆಟ್ಟದ್ದಾದರೆ ದೂರು ಎಲ್ಲಿಗೆ? ವೈದ್ಯರ ನಡತೆಯ ಬಗ್ಗೆ ಅವರ ಹೆಸರಿರುವ ರಾಜ್ಯದ ಕೌನ್ಸಿಲಿಗೆ. ಮಂಗಳೂರಿನವರಾದರೆ ಬೆಂಗಳೂರಿಗೆ, ಕಣ್ಣೂರಿನವರಾದರೆ ತಿರುವನಂತಪುರಕ್ಕೆ. ಕ್ಲಿನಿಕ್ಕಿನ ಪರವಾನಗಿಯ ಬಗ್ಗೆ ಆಯಾ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ. ಹಣ, ಪರಿಹಾರದ ಮಾತಾದರೆ ಗಡಿ ಅಡ್ಡ ಬರುವುದಿಲ್ಲ. 2019ರ ಗ್ರಾಹಕ ಕಾಯಿದೆಯಲ್ಲಿ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಪರೇಷನ್ ಮಂಗಳೂರಿನಲ್ಲಾಗಿದ್ದರೂ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಟ್ಟ ಹಣ 50 ಲಕ್ಷದೊಳಗಿರಬೇಕು, ಘಟನೆಯಾಗಿ ಎರಡು ವರ್ಷ ಮೀರಿರಬಾರದು. ಮೊದಲು ಮಾತಾಡಿ ನೋಡಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅದಕ್ಕೆ ಬೇಕಾದ ಕಾಗದ ಮುಂಚೆಯೇ ಕೂಡಿಡಿ. ನಿಮ್ಮನ್ನು ಸೆಳೆದ ರೀಲಿನ ಸ್ಕ್ರೀನ್‌ಶಾಟು ಮುಂಗಡ ಕೊಡುವ ಮೊದಲೇ ತೆಗೆದಿಡಿ, ತಕರಾರು ಶುರುವಾದ ಮೇಲೆ ಅದು ಸಿಗುವುದಿಲ್ಲ. ಕೌನ್ಸೆಲರ್ ಜೊತೆಗಿನ ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಒಳರೋಗಿಗಳ ಚಿಕಿತ್ಸೆಯ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟಿರಬೇಕು, ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದನ್ನು ಬಾಯಲ್ಲಿ ಕೇಳಬೇಡಿ. ಎರಡು ಪ್ರತಿ ಅರ್ಜಿ ಬರೆದುಕೊಂಡು ಹೋಗಿ, ಒಂದರ ಮೇಲೆ ತಾರೀಕು, ಹೊತ್ತು ಹಾಕಿ ಕೌಂಟರಿನವರ ಸೀಲು ಒತ್ತಿಸಿಕೊಳ್ಳಿ. ಗಂಟೆ ಎಣಿಸಲು ಶುರುವಾಗುವುದು ಆ ಸೀಲಿನಿಂದ.